ಹೊಸ್ತಿಲೂ ಅಕ್ಷರವೂ

ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. 2006ರಲ್ಲಿ ಅದು ರಾಷ್ಟ್ರಕ್ಕೆ ಅರ್ಪಿತವಾಯಿತು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಜನ ಹೊತ್ತು ತಂದದ್ದೇನು? ಮುದ್ದೇಬಿಹಾಳದಲ್ಲಿ ನನ್ನ ಬಳಿ ಓದುವ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇದಕ್ಕೊಂದು ಉತ್ತರ ಕಂಡೆ. ಪುನರ್ವಸತಿ ಕೇಂದ್ರದ ಆ ಮನೆಯ ಗೋಡೆಗಳು ಸಿಮೆಂಟಿನವು. ಬಾಗಿಲ ಚೌಕಟ್ಟು ಮಾತ್ರ ಮುಳುಗಿದ ಮನೆಯದು, ಅರಿಸಿನ ಕುಂಕುಮಗಳಿಂದ ಬಣ್ಣಗಟ್ಟಿದ್ದು. “ಊರ ಮುಳಗಿತ್ರಿ ಸರ, ಹೊಸ್ತಿಲಾರೆ ಇರ್ಲಿ ಅಂತ ಹೊತ್ಕೊಂಡ ಬಂದ್ವಿ” ಎಂದರು ಅವನ ಅಜ್ಜಿ. ಹಳೆಯ ಬಾಗಿಲುಗಳನ್ನು ಕೊಳ್ಳುವ ವರ್ತಕರು ಈಗ ಅದಕ್ಕೆ ಬೆಲೆ ಕಟ್ಟಿದ್ದಾರೆ. “ಅದು ಬರೇ ಕಟ್ಟಿಗಿ ಅಲ್ಲೇನ್ರಿ ಸರ?” ಎಂದು ಹುಡುಗ ಕೇಳಿದ. ಥಟ್ಟನೆ ಉತ್ತರ ಹೇಳಲಾರದೆ ಹಿಂದಿರುಗಿದೆ.

ದಾರಿಯಲ್ಲಿ ನೆನಪಾದದ್ದು ಯೆಹೂದ್ಯರ ಮೆಜುಜಾ. ನೆಲೆ ತಪ್ಪಿ ನಾಡುನಾಡು ಅಲೆದ ಆ ಜನರು ಹೋದಲ್ಲೆಲ್ಲ ಬಾಗಿಲಿಗೆ ಕಟ್ಟಿಕೊಂಡ ಗುರುತು ಅದು. ನಮಗೆ ನೆರೆಯವರಾದ ಕೊಂಕಣದ ಬೆನೆ ಇಸ್ರೇಲರಲ್ಲಿಯೂ ಕೊಚ್ಚಿಯ ಯೆಹೂದ್ಯರಲ್ಲಿಯೂ ಈ ಆಚರಣೆಯುಂಟು. ಹೀಬ್ರೂ ಭಾಷೆಯಲ್ಲಿ ಮೆಜುಜಾ ಎಂದರೆ ಬಾಗಿಲ ನಿಲುವುಪಟ್ಟಿಯೆಂದೇ ಅರ್ಥ. ಒಳಹೋಗುವವರ ಬಲಗಡೆಯ ಪಟ್ಟಿಗೆ ಒಂದು ಪುಟ್ಟ ಕರಡಿಗೆ. ಅದರೊಳಗೆ ಚರ್ಮದ ಸುರುಳಿ. ಅದರ ಮೇಲೆ ಧರ್ಮೋಪದೇಶಕಾಂಡದ ಎರಡು ಭಾಗಗಳು, 22 ಸಾಲು, 713 ಅಕ್ಷರ. ದೇವರು ಒಬ್ಬನೇ, ಅವನನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸಬೇಕು, ಈ ಮಾತನ್ನು ಮಕ್ಕಳಿಗೆ ಕಲಿಸಬೇಕು, ಬಾಗಿಲಿಗೆ ಬರೆಯಬೇಕು ಎಂಬುದು ಅದರ ಸಾರ. ಒಂದಕ್ಷರ ಅಳಿದರೂ ಸುರುಳಿ ಸಲ್ಲದು. ಆದಕಾರಣ ಏಳು ವರ್ಷಗಳಲ್ಲಿ ಎರಡು ಸಲ ಅದನ್ನು ಬಿಚ್ಚಿ ಪರೀಕ್ಷಿಸುವ ನಿಯಮವಿದೆ.

ಕಲೆಗೆ ದೊರೆತ ಸ್ಥಳ ಹೊರಗಿನ ಕರಡಿಗೆ. ಬೆಳ್ಳಿ, ಮರ, ಗಾಜುಗಳಲ್ಲಿ ಕುಶಲಿಗಳು ಅದನ್ನು ಚೆಲುವಾಗಿಸಿದರು. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳೇ ಕಲ್ಲಿನ ಜಾಲಂಧ್ರಗಳಾಗಿ ಬೆಳಕನ್ನು ಒಳಗೆ ಬಿಡುತ್ತವೆ. ಅಲ್ಲಿ ಅಕ್ಷರವೇ ಅಲಂಕಾರ. ಮೆಜುಜಾದಲ್ಲಿ ಅಕ್ಷರ ಮರೆಯಲ್ಲಿದೆ. ಅದನ್ನು ನಿಲ್ಲಿಸಬೇಕೋ ಅಡ್ಡವಾಗಿಡಬೇಕೋ ಎಂಬುದರಲ್ಲಿ 11ನೆಯ ಶತಮಾನದ ಪಂಡಿತ ರಾಶಿಗೂ ಅವನ ಮೊಮ್ಮಗ ರಬ್ಬೆನು ತಾಮನಿಗೂ ಅಭಿಪ್ರಾಯಭೇದ. ಯೂರೋಪಿನ ಅನೇಕ ಯೆಹೂದ್ಯರು ಇಬ್ಬರನ್ನೂ ಬಿಡದೆ ಅದನ್ನು ಓರೆಯಾಗಿಟ್ಟರು. ಅಜ್ಜನ ಮಾತಿಗೂ ಮೊಮ್ಮಗನ ಮಾತಿಗೂ ಒಂದೇ ಬಾಗಿಲಲ್ಲಿ ಎಡೆ ದೊರೆಯಿತು!

ಇದು ಮನೆ ಕಾಯುವ ತಾಯಿತವೆಂದು ನಂಬಿದವರೂ ಉಂಟು. 12ನೆಯ ಶತಮಾನದ ಮೈಮೊನಿಡೀಸ್ ಸುರುಳಿಯೊಳಗೆ ದೇವದೂತರ ಹೆಸರು ಸೇರಿಸುವವರನ್ನು ಕಟುವಾಗಿ ಖಂಡಿಸಿದನು. ಹೋಗುವಾಗ ಬರುವಾಗ ಮನುಷ್ಯನನ್ನು ಎಚ್ಚರಿಸುವುದೇ ಅದರ ಕೆಲಸವೆಂಬುದು ಅವನ ನಿಲುವು.

ಎರಡನೆಯ ಮಹಾಯುದ್ಧದ ನರಮೇಧದ ತರುವಾಯ ಪೋಲೆಂಡಿನ ಎಷ್ಟೋ ಬಾಗಿಲುಗಳಲ್ಲಿ ಮೆಜುಜಾ ಇದ್ದೆಡೆಯ ಗುಳಿ ಮಾತ್ರ ಉಳಿಯಿತು. 2014ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಮಿ ಪೋಲಿನ್ ಎಂಬ ಸಂಸ್ಥೆಯವರು ಆ ಗುಳಿಗಳ ಅಚ್ಚು ತೆಗೆದು, ಕಂಚು ಎರೆದು, ಹೊಸ ಮೆಜುಜಾಗಳನ್ನು ಮಾಡಿದರು. ಬರಿದಾದ ಗುಳಿಯನ್ನೂ ಓದಬಲ್ಲವರು ಇದ್ದುದರಿಂದ ತಾನೆ ಅದು ಸಾಧ್ಯವಾಯಿತು?

ನಮ್ಮ ಕಡೆ ಹೊಸ್ತಿಲ ಹೆಸರಿನ ಹುಣ್ಣಿಮೆಯೇ ಇದೆ. ಹೊಸ್ತಿಲನ್ನು ತುಳಿಯಬಾರದೆಂದು ಪ್ರತಿ ಮಗುವಿಗೂ ಹೇಳುತ್ತೇವೆ, ಏಕೆಂದು ಹೇಳುವುದಿಲ್ಲ. ನಮ್ಮ ಹೊಸ್ತಿಲಿನ ಸುರುಳಿ ಬರೆದಿಟ್ಟದ್ದಲ್ಲ, ಹಿರಿಯರ ನಾಲಗೆಯ ಮೇಲಿರುವುದು. ಅವರೊಡನೆ ಅದು ಹೋದರೆ ಉಳಿಯುವುದು ಬರಿಯ ಕರಡಿಗೆ. ಅದಕ್ಕೆ ವರ್ತಕ ಕಟ್ಟಿದ್ದೇ ಬೆಲೆ. ಈ ಹೊಣೆಯಲ್ಲಿ ಕನ್ನಡ ಕಲಿಸುವ ನಮ್ಮ ಪಾಲೂ ಇದೆ.

ಮರುದಿನ ಹುಡುಗನಿಗೆ ಇಷ್ಟೇ ಹೇಳಿದೆ: “ಮಾರುವುದು ಬಿಡುವುದು ನಿಮ್ಮ ಮನೆಯ ಮಾತು. ಅದಕ್ಕೂ ಮೊದಲು ಅಜ್ಜಿಯ ಬಳಿ ಕುಳಿತು, ಆ ಚೌಕಟ್ಟನ್ನು ಕೆತ್ತಿದವರು ಯಾರು, ಅದನ್ನು ದಾಟಿ ಬಂದವರು ಯಾರು, ಹೋದವರು ಯಾರು ಎಂದು ಕೇಳಿ ಬರೆದುಕೊಂಡು ಬಾ.” ಅವನು ನೋಟುಪುಸ್ತಕ ಹಿಡಿದು ಹೋಗಿದ್ದಾನೆ.