ತಪ್ಪಿನ ಖಾತೆ

ದಿನದ ಲೆಕ್ಕ ತಾಳೆಯಾಗದಿದ್ದರೆ ನಮ್ಮ ಹೋಟೆಲಿನ ರೈಟರು ಆ ರಾತ್ರಿ ಮಲಗುವುದಿಲ್ಲ. ಹತ್ತು ರೂಪಾಯಿಯ ವ್ಯತ್ಯಾಸವನ್ನು ಕೈಯಿಂದ ತುಂಬಿಬಿಡಬಹುದು. ಆದರೆ ತಪ್ಪು ಎಲ್ಲಿ ನುಸುಳಿತೆಂದು ತಿಳಿಯುವವರೆಗೆ ಅವರಿಗೆ ಸಮಾಧಾನವಿಲ್ಲ. ಅಹಮದಾಬಾದ್, ವಡೋದರಾ, ಸೂರತ್ ನಗರಗಳ ನಮ್ಮ ಬಂಧುಗಳ ಮಕ್ಕಳಲ್ಲಿ ಕೆಲವರು ಇಂದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಉದ್ಯೋಗ ಹಿಡಿದಿದ್ದಾರೆ. “ಪದವಿಯಾಯಿತು, ಸಂಬಳವೂ ಬಂತು, ಇನ್ನೇತಕ್ಕೆ ಈ ನಡುರಾತ್ರಿಯ ಓದು?” ಎಂದು ಕೇಳುವ ತಂದೆಯರನ್ನು ನಾವು ಬಲ್ಲೆವು. ಅದಕ್ಕೆ ಉತ್ತರ ರೈಟರ ಮೇಜಿನ ಮೇಲೆಯೇ ಇದೆ.

ಅಕಾರಾದಿಯಾಗಿ ಬರೆದ ಖಾತೆಯಲ್ಲಿ ಹೆಸರು ಹುಡುಕುವ ಗುಮಾಸ್ತನು ಮೊದಲ ಪುಟದಿಂದ ತೊಡಗುವುದಿಲ್ಲ. ನಡುವೆ ತೆರೆದು, ಹೆಸರು ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡವಾದ ಅರ್ಧವನ್ನು ಬಿಡುತ್ತಾನೆ. ಹೀಗೆ ಒಂದು ಲಕ್ಷ ಹೆಸರುಗಳಿದ್ದರೂ ಹದಿನೇಳು ನೋಟಗಳೊಳಗೆ ಶೋಧ ಮುಗಿಯುತ್ತದೆ. ಯಂತ್ರಕ್ಕೆ ಇದನ್ನು ಕಲಿಸುವ ವಿಧಾನ ೧೯೪೬ರಲ್ಲಿಯೇ ಪ್ರಕಟವಾಯಿತು. ಹೆಸರುಗಳೆಷ್ಟಿದ್ದರೂ ಸರಿಹೊಂದುವ ರೂಪ ಅಚ್ಚಿಗೆ ಬರಲು ಮತ್ತೆ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅಲ್ಲಿಗೂ ಮುಗಿಯಲಿಲ್ಲ. ಜಾವಾ ಭಾಷೆಯ ಭಂಡಾರಕ್ಕೆ ತಾವು ಬರೆದಿದ್ದ ಇದೇ ಶೋಧದಲ್ಲಿ ದೋಷವಿದೆಯೆಂದು ಜೋಶುವಾ ಬ್ಲಾಕ್ ಎಂಬವರು ೨೦೦೬ರಲ್ಲಿ ತಾವೇ ಲೋಕಕ್ಕೆ ಸಾರಿದರು. ನಡುವನ್ನು ಕಾಣಲು ಮೊದಲಿನ ಮತ್ತು ಕೊನೆಯ ಸಂಖ್ಯೆಗಳನ್ನು ಕೂಡಿದಾಗ ಮೊತ್ತವು ೨,೧೪,೭೪,೮೩,೬೪೭ನ್ನು ಮೀರಿದರೆ ಅದು ಋಣಸಂಖ್ಯೆಯಾಗಿಬಿಡುತ್ತಿತ್ತು! ಅರುವತ್ತು ವರ್ಷ ಪಂಡಿತರು ತಿದ್ದಿದ ನಾಲ್ಕಾರು ಸಾಲುಗಳ ಪಾಡು ಇದು.

ಅಮೇರಿಕದ ಡೊನಾಲ್ಡ್ ಕನೂತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಟೆಕ್ ಎಂಬ ತಮ್ಮ ಮುದ್ರಣ ಪ್ರೋಗ್ರಾಮಿನ ತಪ್ಪುಗಳಿಗೆಲ್ಲ ಖಾತೆಯಿಟ್ಟು ೧೯೮೯ರಲ್ಲಿ ಪ್ರಕಟಿಸಿದರು. ತಮ್ಮ ಗ್ರಂಥದಲ್ಲಿ ತಪ್ಪು ತೋರಿಸಿದವರಿಗೆ ೨.೫೬ ಡಾಲರಿನ ಚೆಕ್ ಕಳುಹಿಸುವುದು ೨೦೦೮ರವರೆಗೆ ಅವರ ವಾಡಿಕೆಯಾಗಿತ್ತು. ನಮ್ಮಲ್ಲಿ ತಪ್ಪು ತೋರಿಸಿದವನಿಗೆ ಸಲ್ಲುವ ಸಂಭಾವನೆ ಏನೆಂಬುದು ವಾಚಕರಿಗೆ ವಿದಿತವೇ ಇದೆ.

೧೯೮೬ರಲ್ಲಿ ಆರಂಭವಾದ, ಬೆಂಗಳೂರಿನ ಟ್ಯಾಲಿ ನಮ್ಮ ಗುಮಾಸ್ತರಿಗೆ ಅಪರಿಚಿತವಲ್ಲ. ೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಬಂದಾಗ ಅದನ್ನು ಬಳಸುವವರು ಮಾತ್ರವಲ್ಲ, ಬರೆಯುವವರೂ ಹೊಸ ಪಾಠಕ್ಕೆ ಕೂರಬೇಕಾಯಿತು. ಈಗಲಂತೂ ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತಿದೆ. ಅದನ್ನು ಕಂಡು ಕಲಿಕೆ ಸಾಕೆನ್ನುವವರ ಮಾತನ್ನು ನಾವು ಒಪ್ಪಲಾರೆವು. ಪರರು ಬರೆದ ಖಾತೆಯಲ್ಲಿ ತಪ್ಪು ಹಿಡಿಯಲು ತಾನು ಬರೆಯುವುದಕ್ಕಿಂತ ಹೆಚ್ಚಿನ ಬಲ್ಲವಿಕೆ ಬೇಕು. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟುಗಳಿಂದ ಅದು ಬರುವುದಿಲ್ಲ. ಇಂದು ಎಡವಿದ್ದೆಲ್ಲಿ ಎಂದು ಪ್ರತಿದಿನ ನಾಲ್ಕು ಸಾಲು ಬರೆದಿಡುವವನಿಗೆ ಬಂದೀತು.

ಪ್ಲೇಟು ತೊಳೆಯುವ ಹುಡುಗನಿಗೂ ಈ ವಿದ್ಯೆ ನಿಷಿದ್ಧವಲ್ಲ. ಪೈಥಾನ್ ಭಾಷೆಗೆ ಕಾಸು ಕೊಡಬೇಕಾಗಿಲ್ಲ. ಅವನಿಗೆ ಇಲ್ಲದುದು ಒಂದು ಮೇಜು, ಒಂದು ಕಂಪ್ಯೂಟರು, ಸಂದೇಹ ಕೇಳಲು ಒಬ್ಬ ಅಣ್ಣ. ನಮ್ಮ ಸಂಘಗಳು ವಾರಕ್ಕೊಮ್ಮೆ ಒಂದು ಕೊಠಡಿ ತೆರೆದಿಡಲಿ, ಉದ್ಯೋಗಸ್ಥ ತರುಣರು ಸರದಿಯಂತೆ ಬರಲಿ. ಭಾನುವಾರ ಬೆಳಿಗ್ಗೆ ಮಾತ್ರ ಬೇಡ. ಆಗ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಧ್ಯಾಹ್ನ ಮೂರರಿಂದ ಐದು, ಊಟದ ಗಿರಾಕಿಗಳು ಹೋಗಿ ಕಾಫಿಯವರು ಬರುವುದಕ್ಕೆ ಮುಂಚೆ, ಯೋಗ್ಯವಾದ ವೇಳೆ.