ಕಾವಲಿನವರಿಗೆ ಕಂಬಳಿ ಕೊಡಿ, ಬೀಡಿ ಬೇಡ

ಪುಷ್ಯ ಮಾಸದ ರಾತ್ರಿ ಬೆಳುಗುಪ್ಪದ ಎರೆಹೊಲದಲ್ಲಿ ಮಲಗಿದವರಿಗೆ ಚಳಿಯ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟಾಬಯಲು, ಗಾಳಿಗೆ ಅಡ್ಡ ಒಂದು ಗಿಡವಿಲ್ಲ. ಕಡಲೆ ಬೆಳೆಗೆ ಜಿಂಕೆ ನುಗ್ಗದಂತೆ ಕಾಯಲೇಬೇಕು. ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದರೆ ಕುರುಬರೂ ಬೆಳಗಿನವರೆಗೆ ಎಚ್ಚರವಿರಬೇಕು. ಇವರಿಗೆಲ್ಲ ಸಂಜೆ ಬುತ್ತಿಯ ಜೊತೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಕಳಿಸುವುದು ನಮ್ಮ ಮನೆಯಲ್ಲೂ ಇದ್ದ ರೂಢಿ. ‘ಚಳಿಗಿರಲಿ’ ಅನ್ನುತ್ತಿದ್ದರು ಅಪ್ಪ. ಪ್ರೀತಿಯಿಂದಲೇ ಕೊಡುತ್ತಿದ್ದದ್ದು. ಆದರೂ ಈ ರೂಢಿ ನಿಲ್ಲಬೇಕು.

ಬೀಡಿ ಎಳೆದವರಿಗೆ ಬೆಚ್ಚಗಾದಂತೆ ಅನ್ನಿಸುವುದು ನಿಜ. ಬಿಸಿ ಹೊಗೆ ಬಾಯಿಗೆ, ಗಂಟಲಿಗೆ ತಾಗುತ್ತದೆ. ನಿಕೋಟಿನ್ ರಕ್ತಕ್ಕೆ ಸೇರಿದೊಡನೆ ಎದೆ ಜೋರಾಗಿ ಬಡಿಯುತ್ತದೆ, ನಿದ್ದೆ ಹಾರುತ್ತದೆ. ಅದೇ ಹೊತ್ತಿಗೆ ಕೈಕಾಲಿನ ಚರ್ಮದ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬೆರಳ ತುದಿಗೆ ರಕ್ತ ಕಡಿಮೆಯಾಗಿ ಅಲ್ಲಿನ ಶಾಖ ಇಳಿಯುತ್ತದೆ. ಚಳಿಯಲ್ಲಿ ದೇಹ ತಾನಾಗಿಯೇ ಈ ನಾಳಗಳನ್ನು ಬಿಗಿಹಿಡಿದು ಒಳಗಿನ ಶಾಖ ಕಾಪಾಡಿಕೊಂಡಿರುತ್ತದೆ. ಬೀಡಿ ಅದನ್ನು ಇನ್ನೊಂದು ಸುತ್ತು ಬಿಗಿಯುತ್ತದೆ. ಸಾಲದ್ದಕ್ಕೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬೆರಳಿಗೆ ಬರುವ ಅಷ್ಟಿಷ್ಟು ರಕ್ತದಲ್ಲೂ ಆಮ್ಲಜನಕ ಕಡಿಮೆ. ಬೀಡಿ ಬೇಗ ಆರುತ್ತದಾದ್ದರಿಂದ ಮೇಲಿಂದ ಮೇಲೆ ದಮ್ಮು ಎಳೆಯಬೇಕು, ಈ ಹೊಗೆ ಇನ್ನಷ್ಟು ಒಳಹೋಗುತ್ತದೆ.

ನನ್ನ ಚಿಕ್ಕಪ್ಪ ಕುರಿಗಳ ಹಿಂದೆಯೇ ಬದುಕಿದವರು. ನಲವತ್ತು ತುಂಬುವ ಮೊದಲೇ ನಡೆದರೆ ಮೀನಖಂಡ ಹಿಡಿಯುತ್ತಿತ್ತು, ನಿಂತರೆ ಬಿಡುತ್ತಿತ್ತು. ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿದ ಗಾಯ ಮಾಯಲೇ ಇಲ್ಲ, ಬೆರಳು ಕಪ್ಪಾಯಿತು. ನೋವಿಗೆ ರಾತ್ರಿಯೆಲ್ಲ ಎದ್ದು ಕೂತು ಮತ್ತೆ ಬೀಡಿಯನ್ನೇ ಹಚ್ಚುತ್ತಿದ್ದರು. ಕೊನೆಗೆ ಬೆರಳು ತೆಗೆಯಬೇಕಾಯಿತು. ‘ಬರ್ಗರ್ ಕಾಯಿಲೆ’ ಅಂದರು ಡಾಕ್ಟರು. ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ ರೋಗ. ಬರುವುದು ಹೆಚ್ಚಾಗಿ ತಂಬಾಕು ಬಳಸುವ, 45ರ ಒಳಗಿನ ಗಂಡಸರಿಗೆ. ಕೈಕಾಲಿನ ನಾಳಗಳು ಊದಿ, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ತಂಬಾಕು ಪೂರ್ತಿ ಬಿಡದೆ ಅದು ನಿಲ್ಲುವುದಿಲ್ಲ. ಚಿಕ್ಕಪ್ಪ ಬಿಟ್ಟರು. ಮಿಕ್ಕ ಬೆರಳುಗಳು ಉಳಿದವು.

2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಸೇದುವಂತಿಲ್ಲ. ಆದರೆ ನಡುರಾತ್ರಿ ಹೊಲ ಕಾಯುವವನ ಹತ್ತಿರ ಯಾವ ಕಾನೂನೂ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ನಾವು ಕಳಿಸುವ ಬುತ್ತಿ ಮಾತ್ರ.

ಅದರಲ್ಲಿ ಬಿಸಿ ಮುದ್ದೆ, ಖಾರದ ಸಾರು ಇರಲಿ. ನಡುರಾತ್ರಿಯ ಹಸಿವಿಗೆ ಹುರಿದ ಶೇಂಗಾ, ಬೆಲ್ಲ ಇರಲಿ. ತಿಂದದ್ದರಿಂದಲೇ ಮೈಗೆ ಶಾಖ. ಆ ಶಾಖ ಹೊರಗೆ ಹೋಗದಂತೆ ಚಳ್ಳಕೆರೆ ಕಡೆಯ ಉಣ್ಣೆ ಕಂಬಳಿ, ಕಾಲಿಗೆ ದಪ್ಪ ಕಾಲುಚೀಲ. ಕಂಬಳಿ ದುಬಾರಿ ಅನ್ನುವವರಿದ್ದಾರೆ. ಒಂದು ಕಂಬಳಿ ವರ್ಷಗಟ್ಟಲೆ ಬಾಳುತ್ತದೆ, ಬೀಡಿ ಕಟ್ಟಿಗೆ ದಿನವೂ ದುಡ್ಡು ಬೇಕು. ಕುರಿ ಕಾಯುವವನೇ ಕಂಬಳಿಯಿಲ್ಲದೆ ನಡುಗುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಚಟ ಹತ್ತಿದವರಿಗೆ ಒಮ್ಮೆಲೇ ಬಿಡುವುದು ಕಷ್ಟ. ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356, ಕರೆ ಉಚಿತ. ನಮ್ಮ ಹೊಲ ಕಾಯುವವರಿಗೆ ಈ ನಂಬರನ್ನು ನಾನೇ ಒತ್ತಿ ಕೊಟ್ಟಿದ್ದೇನೆ. ಹೊಲವಿರುವ ಪ್ರತಿಯೊಬ್ಬರೂ ಈ ಸಂಕ್ರಾಂತಿಯೊಳಗೆ ಅಷ್ಟು ಮಾಡಬೇಕೆಂದು ಕೇಳುತ್ತೇನೆ.