ಗುಟ್ಟು ಯಾರ ತಲೆಯಲ್ಲಿದೆ?

ಕೆಲಸಕ್ಕೆ ಸೇರೋ ಮುಂಚೆ | ಭಾಗ 5

ಫ್ರೆಂಡ್ಸ್, ವೋಟ್ ಹಾಕಿದ ದಿನ ಎಡಗೈ ತೋರುಬೆರಳಿನ ಫೋಟೋ ಹಾಕ್ತೀವಲ್ಲ, ಆ ಶಾಯಿ ಎಲ್ಲಿಂದ ಬರುತ್ತೆ ಗೊತ್ತಾ? ನಮ್ಮ ಮೈಸೂರಿಂದಾನೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶುರು ಮಾಡಿದ ಅರಗು-ಬಣ್ಣದ ಕಾರ್ಖಾನೆ ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅನ್ನೋ ಸರ್ಕಾರಿ ಕಂಪನಿ. 1962ರ ಚುನಾವಣೆಯಿಂದ ದೇಶಕ್ಕೆ ಶಾಯಿ ಕೊಡ್ತಿರೋದು ಇದೇ.

ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆಳಕು ಬಿದ್ರೆ ಕಪ್ಪಾಗುತ್ತೆ. ಇದು ಗುಟ್ಟೇನಲ್ಲ. ಏನನ್ನು ಎಷ್ಟು, ಹೇಗೆ ಬೆರೆಸಬೇಕು ಅನ್ನೋದು ಗುಟ್ಟು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಆ ಫಾರ್ಮುಲಾವನ್ನು 60 ವರ್ಷದಿಂದ ಜೋಪಾನ ಮಾಡ್ಕೊಂಡು ಬಂದಿದ್ದಾರೆ.

ಪೇಟೆಂಟ್ ತಗೊಂಡ್ರೆ 20 ವರ್ಷ ರಕ್ಷಣೆ ಸಿಗುತ್ತೆ, ಆದರೆ ವಿಧಾನವನ್ನು ಬರೆದು ಎಲ್ಲರ ಮುಂದೆ ಇಡಬೇಕು. ಗುಟ್ಟಿಗೆ ಅವಧಿ ಇಲ್ಲ. ಆದರೆ ಒಮ್ಮೆ ರಟ್ಟಾಯ್ತು ಅಂದ್ರೆ ಮುಗೀತು.

ಅದಕ್ಕೇ ಕಂಪನಿಗಳು ಪಾಸ್‌ವರ್ಡ್, ಸಿಸಿಟಿವಿ, ಸೇರೋವಾಗಲೇ ಸಹಿ ಅಂತ ಬೀಗದ ಮೇಲೆ ಬೀಗ ಹಾಕೋದು. ಬೇಕು, ಬೇಡ ಅನ್ನಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿ ದೊಡ್ಡ ಸುದ್ದಿ ಆಯ್ತು. ಕದಿಯೋಕೆ ಅಲ್ಲ, ಕೆಲಸ ಬೇಗ ಮುಗಿಸೋಕೆ ಹಾಕಿದ್ದು! ನಾಳೆ ನೀವೂ ಹುಷಾರು.

ಆದರೆ ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಅಪಾಯಕ್ಕೆ ಬೀಗಾನೇ ಇಲ್ಲ. ಜ್ಞಾನ ಹೊರಗೆ ಸೋರೋದಲ್ಲ, ರಿಟೈರ್ ಆಗಿ ಮನೆಗೆ ಹೋಗೋದು.

ನಮ್ಮ ಹೆಮ್ಮರಗಾಲದ ಸುತ್ತಮುತ್ತ ಯಾರನ್ನಾದ್ರೂ ಕೇಳಿ, ನಂಜನಗೂಡಿನ ಫ್ಯಾಕ್ಟರಿಗೆ ಶಿಫ್ಟ್‌ಗೆ ಹೋಗೋರು ಒಬ್ಬರಾದ್ರೂ ಸಿಗ್ತಾರೆ. 25 ವರ್ಷ ಒಂದೇ ಮೆಷಿನ್ ಮುಂದೆ ನಿಂತವರಿಗೆ ಸದ್ದು ಕೇಳಿದ್ರೆ ಸಾಕು, ಬೇರಿಂಗ್ ಹೋಗ್ತಿದೆ ಅಂತ ಗೊತ್ತಾಗುತ್ತೆ. ಅದು ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ. ಅವರು ಹಾರ ಹಾಕಿಸ್ಕೊಂಡು ಗೇಟ್ ದಾಟಿದ ದಿನ ಆ ಜ್ಞಾನಾನೂ ಗೇಟ್ ದಾಟುತ್ತೆ.

ಹಾಗಾದ್ರೆ ಅವರು ಯಾಕೆ ಕಲಿಸಲ್ಲ? ಜಿಪುಣತನ ಅನ್ನಬೇಡಿ. ‘ಎಲ್ಲಾ ಹೇಳ್ಕೊಟ್ರೆ ನಾಳೆ ನನ್ನ ಜಾಗಕ್ಕೆ ಕಡಿಮೆ ಸಂಬಳದ ಕಾಂಟ್ರ್ಯಾಕ್ಟ್ ಹುಡುಗ ಬರ್ತಾನೆ’ ಅನ್ನೋ ಭಯ. ಆ ಭಯ ಸುಳ್ಳಲ್ಲ. ಕಲಿಸಿದವರಿಗೆ ಕೆಲಸದ ಭದ್ರತೆ, ಮರ್ಯಾದೆ ಕೊಡದೆ ‘ನಿಮ್ಮ ಅನುಭವ ಹಂಚ್ಕೊಳ್ಳಿ’ ಅಂತ ಮೀಟಿಂಗ್ ಮಾಡಿದ್ರೆ ಯಾರು ಬಾಯಿ ಬಿಡ್ತಾರೆ ಹೇಳಿ?

ಇನ್ನೊಂದು, ಭಾಷೆ. ಕೆಲಸ ನಡೆಯೋದು ಕನ್ನಡದಲ್ಲಿ, ದಾಖಲೆ ಇಂಗ್ಲಿಷಲ್ಲಿ. ಗೊತ್ತಿರೋರು ಬರೆಯಲ್ಲ, ಬರೆಯೋರಿಗೆ ಗೊತ್ತಿಲ್ಲ.

ಕಲಿತದ್ದನ್ನು ಉಳಿಸೋದು ಹೇಗೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧ ಯೂರೋಪಿಗೆ ಹೋಗೋದು ನಿಂತು ರಾಶಿ ಬಿತ್ತು. ಮರ ನಮ್ಮದು, ಎಣ್ಣೆ ತೆಗೆಯೋ ವಿದ್ಯೆ ಮಾತ್ರ ಅಲ್ಲಿಯವರದು. 1916ರಲ್ಲಿ ಇಲ್ಲೇ ಗಂಧದೆಣ್ಣೆ ತೆಗೆಯೋದು ಶುರುವಾಯ್ತು. ಸೋಪು ಮಾಡೋದನ್ನು ಕಲಿಯೋಕೆ ಎಸ್.ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿದ್ರು. ಪೂರ್ತಿ ಹೆಸರು ಸೋಸಲೆ ಗರಳಪುರಿ ಶಾಸ್ತ್ರಿ. ಹೌದು, ನಮ್ಮ ತಿ. ನರಸೀಪುರದ ಪಕ್ಕದ ಸೋಸಲೆನೇ ಆ ಹೆಸರಲ್ಲಿರೋದು. ಅವರು ಕಲಿತದ್ದು ಅವರ ತಲೆಯಲ್ಲೇ ಉಳೀಲಿಲ್ಲ, ಕಾರ್ಖಾನೆಯ ಕೈಗೆ ಬಂತು. ಅದಕ್ಕೇ 100 ವರ್ಷ ದಾಟಿದ್ರೂ ಮೈಸೂರ್ ಸ್ಯಾಂಡಲ್ ಸೋಪು ನಮ್ಮ ಬಚ್ಚಲುಮನೆಯಲ್ಲಿದೆ.

ಹಾಗಾಗಿ ಟ್ರೇನಿ ಆಗಿ ಸೇರೋ ನನ್ನ ಕ್ಲಾಸ್‌ಮೇಟ್ಸ್‌ಗೆ ಒಂದು ಮಾತು. ಜೇಬಲ್ಲಿ ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ. ‘ಅಣ್ಣ, ಇದು ಹೇಗೆ ಗೊತ್ತಾಯ್ತು ನಿಮಗೆ?’ ಅಂತ ಕೇಳಿ. ಕನ್ನಡದಲ್ಲೇ ಬರೀರಿ, ಹೇಳಿದವರ ಹೆಸರನ್ನೂ ಸೇರಿಸಿ. ಆ ನೋಟ್ಸು ಕಂಪನಿ ಒಳಗೇ ಇರಲಿ, ಸ್ಟೋರಿಗೆ ಹಾಕಬೇಡಿ.

ಇವತ್ತಿನ ಹೋಂವರ್ಕ್: ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ಅಕ್ಕನೋ ಕೆಲಸಕ್ಕೆ ಹೋಗ್ತಿದ್ರೆ ಕೇಳಿ, ‘ನಿಮಗೆ ಗೊತ್ತಿದ್ದು ಇನ್ನೂ ಯಾರೂ ಬರೆದಿಡದ ವಿಷಯ ಯಾವುದಾದ್ರೂ ಇದೆಯಾ?’ ಇದೆ ಅಂದ್ರಾ, ಇಲ್ಲ ಅಂದ್ರಾ? ಅಷ್ಟು ಮಾತ್ರ ಕಾಮೆಂಟ್ ಮಾಡಿ. ಗುಟ್ಟು ಬೇಡ! 😄

#ಕೆಲಸಕ್ಕೆಸೇರೋಮುಂಚೆ #ಹೆಮ್ಮರಗಾಲ #ನಂಜನಗೂಡು #ಮೈಸೂರು